ಮುನಿಸಿನ ಮರೆಯಲ್ಲಿ

ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ದುಡಿಮೆಯ ದಣಿವು, ಹಸಿವು, ಮಕ್ಕಳ ಗದ್ದಲ ಇವುಗಳಿಂದ ಹುಟ್ಟಿದ ಬಿರುನುಡಿಯು ಊಟವಾಗುತ್ತಲೇ ಆರಿಹೋಗುವುದು ಸಹಜವಾದದ್ದು. ಆದರೆ ಉಂಡ ಮೇಲೂ ಮುಗಿಯದ, ಮಲಗಿದ ಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸುವ, ಮರುದಿನ ಬೆಳಿಗ್ಗೆ ಚಹದ ಬಟ್ಟಲನ್ನು ಸದ್ದಾಗುವಂತೆ ಇಡಿಸುವ ಜಗಳವೂ ಉಂಟು. ಅದಕ್ಕಿಂತ ಕಠಿಣವಾದುದು ಜಗಳವೇ ಇಲ್ಲದ ಮೌನ. ಒಂದೇ ಸೂರಿನಡಿಯಲ್ಲಿ ಇಬ್ಬರೂ ಇರುತ್ತಾರೆ; ಮಕ್ಕಳ ಶುಲ್ಕ, ಹಾಲಿನ ಲೆಕ್ಕ, ನೆಂಟರ ಮದುವೆಯ ಉಡುಗೊರೆ ಇವಿಷ್ಟರ ಹೊರತು ಅವರ ನಡುವೆ ಮಾತೇ ಇರುವುದಿಲ್ಲ. ಇಂಥ ಮನೆಗಳ ವಿಷಯದಲ್ಲಿ ಗಾದೆಗೆ ಹೇಳಲು ಏನೂ ಉಳಿದಿಲ್ಲ. ಈ ಸಂಚಿಕೆಯಲ್ಲಿ ನಾವು ವಿಚಾರಿಸಹೊರಟಿರುವುದು ಅಂಥ ದಾಂಪತ್ಯಗಳ ಸಲುವಾಗಿಯೇ ಕೆನಡಾ ದೇಶದಲ್ಲಿ ರೂಪುಗೊಂಡ ಒಂದು ಚಿಕಿತ್ಸಾಕ್ರಮವನ್ನು. ಅದರ ಹೆಸರು ಇಮೋಷನಲಿ ಫೋಕಸ್ಡ್ ಥೆರಪಿ. ನಾವು ಇದನ್ನು ಭಾವಕೇಂದ್ರಿತ ದಂಪತಿ ಚಿಕಿತ್ಸೆ ಎಂದು ಕರೆಯೋಣ.

ದಾಂಪತ್ಯದ ದೂರುಗಳು ನಮ್ಮಲ್ಲಿ ಮೊದಲು ಬರುವುದು ಮನೆಯ ಹಿರಿಯರ ಬಳಿಗೆ, ಆಮೇಲೆ ದೈವದವರ ಬಳಿಗೆ, ಕಡೆಗೆ ಮಠಕ್ಕೆ. ಅಲ್ಲಿ ನಡೆಯುವ ಕ್ರಮವನ್ನು ಬಲ್ಲವರು ಬಲ್ಲರು. ಜಮಖಾನೆಯ ಒಂದು ಬದಿಗೆ ಗಂಡಿನವರು, ಇನ್ನೊಂದು ಬದಿಗೆ ಹೆಣ್ಣಿನವರು ಕೂಡುತ್ತಾರೆ. ಹುಡುಗಿಯ ಸೋದರಮಾವ ದೂರು ಆರಂಭಿಸುತ್ತಾನೆ. ಹುಡುಗನ ಅಣ್ಣ ಅದಕ್ಕೆ ಉತ್ತರ ಕೊಡುತ್ತಾನೆ. ಯಾವ ಹಬ್ಬದಲ್ಲಿ ಯಾರು ಯಾರಿಗೆ ಏನೆಂದರು ಎಂಬುದರ ಖಾತೆ-ಕಿರ್ದಿ ತೆರೆಯುತ್ತದೆ. ಯಾರ ಬಾಳಿನ ಪ್ರಶ್ನೆಯೋ ಆ ಇಬ್ಬರು ತಲೆ ತಗ್ಗಿಸಿ ಕುಳಿತಿರುತ್ತಾರೆ; ಅವರನ್ನು ಕೇಳುವವರಿಲ್ಲ. ಕೊನೆಗೆ ಅರ್ಧ ತಪ್ಪು ಇವನದು, ಅರ್ಧ ತಪ್ಪು ಅವಳದು ಎಂದು ಹಂಚಿ, ಹೊಂದಿಕೊಂಡು ಹೋಗಿರೆಂದು ಬುದ್ಧಿ ಹೇಳಿ ಎಬ್ಬಿಸುವುದು ರೂಢಿ. ಇದರಿಂದ ಪ್ರಯೋಜನವೇ ಇಲ್ಲವೆನ್ನುವಂತಿಲ್ಲ. ಬಂಗಾರ ಯಾರ ಬಳಿ ಇರಬೇಕು, ಬೇರೆ ಮನೆ ಮಾಡಬೇಕೋ ಬೇಡವೋ, ಹೊಲದ ಪಾಲು ಏನು ಎಂಬಂಥ ವ್ಯವಹಾರದ ಗಂಟುಗಳು ಪಂಚರ ಎದುರಿನಲ್ಲಿ ಬಿಚ್ಚಿಕೊಂಡದ್ದನ್ನು ನಾವು ಬಹಳ ಸಲ ಕಂಡಿದ್ದೇವೆ. ಆದರೆ ಎರಡು ತಿಂಗಳು ಕಳೆಯುವುದರೊಳಗೆ ಅದೇ ದಂಪತಿಗಳು ಬೇರೊಂದು ಕಾರಣ ಹಿಡಿದು ಮರಳಿ ಬರುವುದನ್ನೂ ಕಂಡಿದ್ದೇವೆ. ಇದಕ್ಕೆ ಕಾರಣ ಇಷ್ಟೇ: ಪಂಚಾಯಿತಿಯು ತಪ್ಪು ಯಾರದೆಂದು ಹುಡುಕುತ್ತದೆ, ಗಂಡ-ಹೆಂಡಿರು ತಮ್ಮ ಮನೆಯಲ್ಲಿ ಪ್ರತಿನಿತ್ಯ ಮಾಡುತ್ತಿರುವುದೂ ಅದೇ ಹುಡುಕಾಟವನ್ನೇ.

ಈ ಹುಡುಕಾಟವನ್ನು ಬದಿಗಿಟ್ಟು ನೋಡಿದವರು ಸ್ಯೂ ಜಾನ್ಸನ್ ಎಂಬ ವಿದುಷಿ. 1947ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಈಕೆಯ ಮನೆಯವರು ಒಂದು ಪಾನಗೃಹವನ್ನು ನಡೆಸುತ್ತಿದ್ದರು. ಅಲ್ಲಿ ಬಗೆಬಗೆಯ ಜನರ ಮಾತುಕತೆಗಳನ್ನು ಕೇಳುತ್ತ ಬೆಳೆದ ಹುಡುಗಿ ತನ್ನ ತಂದೆ-ತಾಯಿಯರ ದಾಂಪತ್ಯವು ಕಣ್ಣೆದುರೇ ಮುರಿದು ಬೀಳುವುದನ್ನೂ ಕಂಡಳು. ಮುಂದೆ ಕೆನಡಾಕ್ಕೆ ಹೋಗಿ, ವ್ಯಾಂಕೂವರ್ ನಗರದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸುವಾಗ ಕಷ್ಟದಲ್ಲಿದ್ದ ದಂಪತಿಗಳಿಗೆ ಸಲಹೆ ನೀಡುವ ಕೆಲಸ ಅವರ ಪಾಲಿಗೆ ಬಂದಿತು. ಅಂದಿನ ಚಿಕಿತ್ಸಕರ ಕೈಯಲ್ಲಿದ್ದ ಮುಖ್ಯ ಉಪಾಯವೆಂದರೆ ಒಪ್ಪಂದ: ನೀನು ಇಷ್ಟು ಮಾಡು, ಆಗ ಅವಳು ಇಷ್ಟು ಮಾಡುವಳು; ಮಾತನಾಡುವ ರೀತಿಯನ್ನು ಕಲಿತುಕೊಳ್ಳಿರಿ; ಸಮಸ್ಯೆಗಳನ್ನು ಪಟ್ಟಿಮಾಡಿ ಒಂದೊಂದಾಗಿ ಬಗೆಹರಿಸಿಕೊಳ್ಳಿರಿ. ನಮ್ಮ ದೈವದವರ ತೀರ್ಪಿಗೂ ಇದಕ್ಕೂ ದೂರದ ನಂಟುಂಟು! ಜಾನ್ಸನ್ ಅವರು ತಮ್ಮೆದುರು ಕುಳಿತ ದಂಪತಿಗಳ ಮಾತುಕತೆಯ ಧ್ವನಿ-ಚಿತ್ರ ಮುದ್ರಿಕೆಗಳನ್ನು ಮತ್ತೆ ಮತ್ತೆ ನೋಡಿ, ಒಪ್ಪಂದಗಳು ತಾಕದ ಒಂದು ಪದರವು ಈ ಜಗಳಗಳ ಅಡಿಯಲ್ಲಿ ಇರುವುದನ್ನು ಗುರುತಿಸಿದರು. ತಮ್ಮ ಗುರುಗಳಾದ ಲೆಸ್ಲಿ ಗ್ರೀನ್‌ಬರ್ಗ್ ಅವರೊಡನೆ ಕೂಡಿ 1985ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 45 ದಂಪತಿಗಳಿದ್ದರು. ಕೆಲವರಿಗೆ ಸಮಸ್ಯೆ ಬಿಡಿಸುವ ಹಳೆಯ ಕ್ರಮದ ಚಿಕಿತ್ಸೆ, ಕೆಲವರಿಗೆ ಭಾವನೆಯನ್ನೇ ಕೇಂದ್ರವಾಗಿಟ್ಟುಕೊಂಡ ಹೊಸ ಕ್ರಮದ ಚಿಕಿತ್ಸೆ, ಎಂಟೆಂಟು ಬೈಠಕ್ಕುಗಳಲ್ಲಿ ನಡೆಯಿತು; ಉಳಿದವರು ಹೋಲಿಕೆಗಾಗಿ ಕಾದಿರಬೇಕಾಯಿತು. ಹೊಸ ಕ್ರಮವೇ ಮೇಲಾಗಿ ಕಂಡುಬಂದಿತು.

ಭಾವನೆಯನ್ನು ಹೊರಗೆ ತರುವುದರಿಂದ ಇಷ್ಟು ಗುಣವೇಕೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಮಕ್ಕಳ ಅಧ್ಯಯನದಿಂದ ಎಂಬುದು ಗಮನಾರ್ಹ. ಬ್ರಿಟನ್ನಿನ ಮನೋವೈದ್ಯರಾದ ಜಾನ್ ಬೌಲ್ಬಿ ಅವರು ಎರಡನೆಯ ಮಹಾಯುದ್ಧದ ತರುವಾಯ ಮನೆಮಠ ಕಳೆದುಕೊಂಡ ಮಕ್ಕಳ ಸ್ಥಿತಿಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಒಂದು ವರದಿಯನ್ನು ಬರೆದರು. ಹೊಟ್ಟೆಗೆ ಅನ್ನ, ಮೈಗೆ ಬಟ್ಟೆ ಇದ್ದರೂ ತನ್ನದೆನ್ನುವ ಒಬ್ಬ ಹಿರಿಯ ಜೀವದ ನಂಟಿಲ್ಲದ ಕೂಸು ಕೊರಗುತ್ತದೆ ಎಂಬುದು ಅದರ ಸಾರ. ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಚಲನಚಿತ್ರವನ್ನು ತೆಗೆದರು. ಎರಡು ವರುಷದ ಒಂದು ಹೆಣ್ಣುಮಗು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿ ಉಳಿಯಬೇಕಾಗುತ್ತದೆ. ಅಂದಿನ ನಿಯಮದಂತೆ ತಾಯಿ ಜೊತೆಗಿರುವಂತಿಲ್ಲ. ಇಷ್ಟೇ ಕಥೆ. ಇಂಥ ಅಗಲಿಕೆಯಲ್ಲಿ ಮಗುವಿನ ಮನಸ್ಸು ಮೂರು ಅವಸ್ಥೆಗಳನ್ನು ಹಾಯುವುದನ್ನು ಈ ಇಬ್ಬರೂ ಗುರುತಿಸಿದರು. ಮೊದಲು ಪ್ರತಿಭಟನೆ: ಅಳು, ಕೂಗು, ಕೈಕಾಲು ಬಡಿತ. ಅದಕ್ಕೆ ಓಗೊಡುವವರಿಲ್ಲವಾದಾಗ ಹತಾಶೆ. ಹತಾಶೆಯೂ ಬತ್ತಿದ ಮೇಲೆ ನಿರ್ಲಿಪ್ತತೆ. ತಾಯಿ ಬಂದರೂ ಮುಖ ತಿರುಗಿಸುವ ಸ್ಥಿತಿ. ಆ ಕಾಲದ ದಾದಿಯರು ಈ ಮೂರನೆಯ ಅವಸ್ಥೆಯನ್ನು ಕಂಡು ಮಗು ಆಸ್ಪತ್ರೆಗೆ ಹೊಂದಿಕೊಂಡಿತು ಎಂದು ಸಮಾಧಾನಪಡುತ್ತಿದ್ದರಂತೆ. ಹೊಂದಿಕೊಳ್ಳುವುದು ಎಂಬ ಮಾತನ್ನು ನಾವು ಹಿರಿಯರು ಎಷ್ಟು ಸಲೀಸಾಗಿ ಬಳಸುತ್ತೇವೆಂಬುದನ್ನು ಇಲ್ಲಿ ನೆನೆಯದೆ ವಿಧಿಯಿಲ್ಲ.

1987ರಲ್ಲಿ ಅಮೆರಿಕದ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಎಂಬ ವಿದ್ವಾಂಸರು ವಯಸ್ಕರ ಪ್ರೇಮಸಂಬಂಧದಲ್ಲಿಯೂ ಇದೇ ನಂಟಿನ ಲಕ್ಷಣಗಳಿವೆಯೆಂದು ತೋರಿಸಿದರು. ಜಾನ್ಸನ್ ಅವರ ಚಿಕಿತ್ಸೆಗೆ ಈ ಬಾಂಧವ್ಯ ಸಿದ್ಧಾಂತವೇ ಅಡಿಗಲ್ಲಾಯಿತು. ಅದರಂತೆ ನೋಡಿದರೆ ಹೆಂಡತಿಯ ಗೊಣಗಾಟ, ಗಂಡನ ಕೂಗಾಟ ಇವು ಬಹುಮಟ್ಟಿಗೆ ಆ ಮಗುವಿನ ಮೊದಲ ಅವಸ್ಥೆಯೇ: ನೀನು ಎಲ್ಲಿರುವೆ, ನಾನು ಕರೆದರೆ ಬರುವೆಯಾ, ನಿನಗೆ ನಾನು ಬೇಕೆ ಎಂಬ ಕೂಗು. ಆ ಕೂಗು ಬಿರುನುಡಿಯ ವೇಷ ತೊಟ್ಟು ಬರುವುದರಿಂದ ಕೇಳುವವರಿಗೆ ಗುರುತು ಸಿಗುವುದಿಲ್ಲ.

ಈ ತತ್ತ್ವವನ್ನು ಓದಿದಾಗ ನಮಗೆ ಕನ್ನಡದ ಒಂದು ಪದವೇ ಸಾಕ್ಷಿಯಾಗಿ ಎದುರು ನಿಂತಿತು. ಸಿಟ್ಟು ಬೇರೆ, ಮುನಿಸು ಬೇರೆ. ಸಿಟ್ಟು ಯಾರ ಮೇಲಾದರೂ ಬಂದೀತು. ಬಸ್ಸಿನ ನಿರ್ವಾಹಕನ ಮೇಲೆ, ತೂಕದಲ್ಲಿ ಮೋಸ ಮಾಡಿದ ಅಂಗಡಿಯವನ ಮೇಲೆ. ಅವರೊಡನೆ ಯಾರಾದರೂ ಮುನಿಸಿಕೊಳ್ಳುವರೇ? ತನ್ನವರು ಎಂಬ ಭಾವವಿದ್ದಲ್ಲಿ, ಬಂದು ರಮಿಸಿಯಾರು ಎಂಬ ನಿರೀಕ್ಷೆಯಿದ್ದಲ್ಲಿ ಮಾತ್ರ ಮುನಿಸು ಹುಟ್ಟುತ್ತದೆ. ಮುನಿದವರು ದೂರ ಹೋಗಿ ಕುಳಿತರೂ ಕಿವಿ ಮಾತ್ರ ಬಾಗಿಲ ಕಡೆಗೇ ಇರುತ್ತದೆ. ಕೆನಡಾದ ವಿದುಷಿ ವರ್ಷಗಟ್ಟಲೆ ಮುದ್ರಿಕೆಗಳನ್ನು ನೋಡಿ ಕಂಡುಕೊಂಡ ಅರ್ಥವನ್ನು ನಮ್ಮ ಹಳ್ಳಿಯ ಹೆಂಗಳೆಯರು ಒಂದು ಶಬ್ದದಲ್ಲಿ ಇಟ್ಟುಕೊಂಡಿದ್ದಾರೆ. ಆದರೆ ಶಬ್ದವಿದ್ದ ಮಾತ್ರಕ್ಕೆ ಮದ್ದು ಕೈಗೆ ಬಂದಂತಾಗಲಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಗಂಡ ಅಡತಿ ಅಂಗಡಿಯ ವ್ಯಾಪಾರಿ; ಹೆಂಡತಿ ಪ್ರೌಢಶಾಲೆಯ ಶಿಕ್ಷಕಿ. ಮದುವೆಯಾಗಿ ಹದಿನಾಲ್ಕು ವರುಷಗಳು ಕಳೆದಿವೆ. ರಾತ್ರಿ ಒಂಬತ್ತಕ್ಕೆ ಅವನು ಮನೆಗೆ ಬರುತ್ತಾನೆ, ಚಪ್ಪಲಿ ಬಿಡುವುದರೊಳಗೆ ಅವಳ ಮಾತು: “ನಿಮಗ ಮನಿ ಅಂದ್ರ ಖಾನಾವಳಿ ಆಗೇದ ನೋಡ್ರಿ.” ಅವನು: “ಬಂದ ಕೂಡ್ಲೆ ಶುರು ಮಾಡಬ್ಯಾಡ.” ಅವಳು ಇನ್ನೂ ಎರಡು ಮಾತು ಜೋಡಿಸುತ್ತಾಳೆ, ಅವನು ಎದ್ದು ದೂರದರ್ಶನ ಹಾಕುತ್ತಾನೆ, ಇಲ್ಲವೇ ಮೊಬೈಲ್ ಹಿಡಿದು ಅಂಗಳಕ್ಕೆ ಹೋಗುತ್ತಾನೆ. ಅವನು ಎದ್ದು ಹೋದಷ್ಟೂ ಅವಳ ದನಿ ಏರುತ್ತದೆ. ಅವಳ ದನಿ ಏರಿದಷ್ಟೂ ಅವನು ದೂರ ಸರಿಯುತ್ತಾನೆ. ಅವಳನ್ನು ಕೇಳಿದರೆ ಇವರು ಕಲ್ಲು, ಏನು ಹೇಳಿದರೂ ನಾಟುವುದಿಲ್ಲ ಎನ್ನುವಳು. ಅವನನ್ನು ಕೇಳಿದರೆ ಇವಳಿಗೆ ಎಷ್ಟು ಮಾಡಿದರೂ ತೃಪ್ತಿಯಿಲ್ಲ ಎನ್ನುವನು. ಇಬ್ಬರ ಮಾತೂ ಅವರವರಿಗೆ ಸತ್ಯವೇ. ದೈವದವರ ಮುಂದೆ ಇದು ಬಂದರೆ, ಬೇಗ ಮನೆಗೆ ಬಾರಪ್ಪ ಎಂದು ಅವನಿಗೂ, ಬಾಯಿ ಬಿಗಿ ಹಿಡಿ ತಾಯಿ ಎಂದು ಅವಳಿಗೂ ಹೇಳಿ ಕಳಿಸುತ್ತಾರೆ. ಅವನು ಎಂಟು ದಿನ ಬೇಗ ಬರುತ್ತಾನೆ. ಅವಳು ಎಂಟು ದಿನ ಬಾಯಿ ಕಟ್ಟುತ್ತಾಳೆ. ಒಂಬತ್ತನೆಯ ದಿನ ಮತ್ತೆ ಅದೇ.

ಭಾವಕೇಂದ್ರಿತ ಚಿಕಿತ್ಸಕರು ಇಲ್ಲಿ ಮಾಡುವ ಮೊದಲ ಕೆಲಸ ಈ ಸುತ್ತಾಟವನ್ನು ಇಬ್ಬರ ಕಣ್ಣಿಗೂ ಕಾಣುವಂತೆ ಹಿಡಿದು ತೋರಿಸುವುದು. ಅವಳು ಬೆನ್ನು ಹತ್ತುವುದು, ಅವನು ಹಿಂದೆ ಸರಿಯುವುದು. ಒಂದರಿಂದ ಇನ್ನೊಂದು ಹುಟ್ಟುವುದು. ಇದು ಬೀಸುಗಲ್ಲು ತಿರುಗಿದಂತೆ. ಎಲ್ಲಿ ಆರಂಭವಾಯಿತೆಂದು ಹುಡುಕುವುದು ವ್ಯರ್ಥ. ನಿಮ್ಮಿಬ್ಬರಲ್ಲಿ ಯಾರೂ ವೈರಿಯಲ್ಲ, ಈ ಸುತ್ತಾಟವೇ ನಿಮ್ಮಿಬ್ಬರ ಸಮಾನ ವೈರಿ ಎಂಬುದು ಮನವರಿಕೆಯಾದರೆ ಮನೆಯ ಕಾವು ಅರ್ಧ ಇಳಿಯುತ್ತದೆ. ಬೆನ್ನು ಹತ್ತುವವಳು ಯಾವಾಗಲೂ ಹೆಂಡತಿಯೇ ಆಗಿರಬೇಕೆಂದಿಲ್ಲ. ಗಂಡ ಕೂಗುವ, ಹೆಂಡತಿ ಚಿಪ್ಪಿನೊಳಗೆ ಸೇರುವ ಮನೆಗಳೂ ಬೇಕಾದಷ್ಟಿವೆ. ಇಬ್ಬರೂ ಕೂಗುವ ಮನೆಗಳೂ, ಇಬ್ಬರೂ ಹಿಂದೆ ಸರಿದು ಬಾಗಿಲಿಕ್ಕಿಕೊಂಡ ಮನೆಗಳೂ ಉಂಟು. ಕಡೆಯದು ಹೊರಗಿನವರಿಗೆ ಆದರ್ಶ ದಾಂಪತ್ಯದಂತೆ ಕಾಣುವುದುಂಟು.

ಎರಡನೆಯ ಹಂತವೇ ಈ ಚಿಕಿತ್ಸೆಯ ಹೃದಯ. ಮೇಲೆ ಕಾಣುವ ಸಿಟ್ಟು, ತಾತ್ಸಾರ, ಮೌನ ಇವುಗಳ ಕೆಳಗೆ ಇರುವ ಮೃದುವಾದ ಭಾವವನ್ನು ಚಿಕಿತ್ಸಕರು ನಿಧಾನವಾಗಿ ಕರೆದು ಹೊರತರುತ್ತಾರೆ. ನಿಧಾನ ಎಂಬ ಮಾತಿಗೆ ಇಲ್ಲಿ ವಿಶೇಷ ಅರ್ಥವುಂಟು. ಮನೆಯಲ್ಲಿ ಮೂರು ನಿಮಿಷಗಳಲ್ಲಿ ಮುಗಿಯುವ ಜಗಳವನ್ನು ಅಲ್ಲಿ ಒಂದು ತಾಸು ಬಿಡಿಸಿ ನೋಡುತ್ತಾರೆ. ಅವಳ ಮಾತು ಕಿವಿಗೆ ಬಿದ್ದ ಕ್ಷಣದಲ್ಲಿ ನಿಮ್ಮ ಎದೆಯಲ್ಲಿ ಏನಾಯಿತು? ಎದ್ದು ಹೋಗಬೇಕೆಂದು ಅನಿಸುವ ಮೊದಲು ಏನಿತ್ತು? ಗಂಡಸರಿಗೆ ಈ ಪ್ರಶ್ನೆ ಬಹು ಕಷ್ಟದ್ದು. ಏನೂ ಆಗಲಿಲ್ಲ ಎಂಬುದೇ ಮೊದಲ ಉತ್ತರ. ಬಾಲ್ಯದಿಂದ ಗಂಡುಮಗ ಅಳಬಾರದು ಎಂದು ಕೇಳಿ ಬೆಳೆದವನಿಗೆ ಎದೆಯೊಳಗಿನ ಭಾವಗಳಿಗೆ ಹೆಸರಿಡುವ ವಿದ್ಯೆಯೇ ಬಂದಿರುವುದಿಲ್ಲ. ಚಿಕಿತ್ಸಕರು ಅವಸರಪಡದೆ, ಅವನ ಅರ್ಧ ಮಾತನ್ನು ಅವನಿಗೇ ಮರಳಿ ಹೇಳಿ, ಸರಿಯೇ ಎಂದು ಕೇಳಿ ಮುಂದೆ ಸಾಗುತ್ತಾರೆ.

ಕೆಲವು ವಾರಗಳ ಮೇಲೆ ನಮ್ಮ ಅಡತಿಯ ವ್ಯಾಪಾರಿಯ ಬಾಯಿಂದ ಇಂಥ ಮಾತು ಬಂದೀತು: “ನಾ ಎದ್ದು ಹೋಗೂದು ನಿನ್ನ ಮಾತು ಕೇಳಬಾರದು ಅಂತಲ್ಲ. ನಾ ಏನು ಮಾಡಿದ್ರೂ ನಿನಗ ಸಾಲೂದಿಲ್ಲ ಅನಸ್ತದ. ಒಂದಿನ ನೀ ನನ್ನ ಕೈ ಬಿಡ್ತಿ ಅಂತ ಅಂಜಿಕಿ ಬರ್ತದ.” ಇದನ್ನು ಅವನು ಚಿಕಿತ್ಸಕರಿಗೆ ಹೇಳಿದರೆ ಸಾಲದು. ಹೆಂಡತಿಯ ಕಡೆಗೆ ತಿರುಗಿ, ಅವಳ ಮುಖ ನೋಡಿ ಹೇಳಬೇಕು. ಈ ತಿರುಗಿ ಹೇಳಿಸುವಿಕೆಯಲ್ಲಿಯೇ ಚಿಕಿತ್ಸಕರ ಕೌಶಲವೆಲ್ಲ ಅಡಗಿದೆ. ಹದಿನಾಲ್ಕು ವರುಷ ಕಲ್ಲೆಂದು ತಿಳಿದವನ ಒಳಗೆ ಅಂಜಿಕೆಯನ್ನು ಕಂಡ ಹೆಂಡತಿಗೆ ಒಡನೆ ನಂಬಿಕೆ ಬರುವುದಿಲ್ಲ. ಈಗ ಇಷ್ಟು ಬಣ್ಣದ ಮಾತು ಎಲ್ಲಿಂದ ಬಂತು ಎಂದು ಅವಳು ಕೇಳಿದರೂ ಕೇಳಿಯಾಳು. ಆ ಅನುಮಾನವನ್ನೂ ಚಿಕಿತ್ಸಕರು ಗೌರವದಿಂದ ಕೇಳಿಸಿಕೊಳ್ಳಬೇಕು. ಬಳಿಕ ಅವಳ ಸರದಿ: “ನಿಮ್ಮ ಬದುಕಿನಾಗ ನಾ ಎಲ್ಲಿದ್ದೀನಿ ಅಂತ ನನಗ ತಿಳೀವಲ್ದು. ಬೈದರರೆ ನೀವು ನನ್ನ ಕಡೆ ನೋಡ್ತೀರಿ ಅಂತ ಬೈತಿದ್ದೆ. ನನಗ ನೀವು ಬೇಕ್ರಿ.” ಇಲ್ಲಿ ದೂರು ಬೇಡಿಕೆಯಾಗಿ ಮಾರ್ಪಟ್ಟಿತು. ದೂರಿಗೆ ಸಮಜಾಯಿಷಿ ಕೊಡಬೇಕಾಗುತ್ತದೆ. ಬೇಡಿಕೆಗೆ ಕೈ ನೀಡಬಹುದು.

ಈ ಕ್ರಮದಲ್ಲಿ ಮೊದಲು ಹೊರಬರಬೇಕಾದವರು ಹಿಂದೆ ಸರಿದವರು. ಆಮೇಲೆ ಬೆನ್ನು ಹತ್ತಿದವರು ಮೆತ್ತಗಾಗಬೇಕು. ಇದು ಏಕೆಂಬುದನ್ನು ಬಿಡಿಸಿ ಹೇಳಬೇಕು. ನಮ್ಮ ಹಿರಿಯರ ಬುದ್ಧಿವಾದವು ಸಾಮಾನ್ಯವಾಗಿ ಕೂಗುವವಳನ್ನು ಮೊದಲು ಮೆತ್ತಗಾಗಿಸಲು ಯತ್ನಿಸುತ್ತದೆ. ಕೂಗು ಕಿವಿಗೆ ಬೀಳುತ್ತದೆ, ಮೌನ ಬೀಳುವುದಿಲ್ಲವಲ್ಲ. ಆದರೆ ಬಾಗಿಲಿನ ಆಚೆ ಯಾರೂ ಇಲ್ಲದಿರುವಾಗ ಅವಳು ಮೆಲ್ಲಗೆ ಬಡಿದರೇನು, ಜೋರಾಗಿ ಬಡಿದರೇನು? ತನ್ನ ದುರ್ಬಲ ಗಳಿಗೆಯನ್ನು ತೆರೆದು ತೋರಿಸಿದಾಗ ಎದುರಿಗೆ ಒಬ್ಬರು ಇರುವರೆಂಬ ಭರವಸೆ ಮೊದಲು ಹುಟ್ಟಬೇಕು. ಅದಕ್ಕಾಗಿ ಅವನು ಮೊದಲು ಬಂದು ಕುಳಿತುಕೊಳ್ಳಬೇಕು.

ಮೂರನೆಯ ಹಂತದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಖರ್ಚು-ವೆಚ್ಚ, ಅತ್ತೆಯ ಆರೈಕೆ, ಮಗಳ ಕಾಲೇಜು ಇವೇ ಹಳೆಯ ಪ್ರಶ್ನೆಗಳನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಹಿಂದೆ ಬೆಟ್ಟದಂತಿದ್ದವು ಈಗ ಕೂತು ಮಾತನಾಡಿ ತೀರಿಸುವಂಥವಾಗಿರುತ್ತವೆ.

ಆದರೂ ಕೆಲವು ದಂಪತಿಗಳು ಎರಡನೆಯ ಹಂತದಲ್ಲಿಯೇ ನಿಂತುಬಿಡುತ್ತಾರೆ. ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಒಂದು ಹಳೆಯ ಘಟನೆ ಅಡ್ಡ ಬರುತ್ತದೆ. ತವರಿನಲ್ಲಿ ತಂದೆ ತೀರಿಕೊಂಡ ದಿನ ಗಂಡ ಮಣ್ಣಿಗೆ ಬಂದು, ಒಂದು ತಾಸಿಗೇ ಪೇಟೆಯ ಕೆಲಸವಿದೆಯೆಂದು ಹೊರಟುಹೋದದ್ದು. ಗರ್ಭ ಇಳಿದುಹೋದ ರಾತ್ರಿ ಆಸ್ಪತ್ರೆಯಲ್ಲಿ ಅವಳು ಒಬ್ಬಳೇ ಇದ್ದದ್ದು. ವ್ಯಾಪಾರದಲ್ಲಿ ನಷ್ಟ ಬಂದು ಅವನು ಕುಸಿದ ಕಾಲದಲ್ಲಿ ಅವಳು ತವರಿನವರ ಮುಂದೆ ಅವನನ್ನು ಹಗುರ ಮಾಡಿ ಆಡಿದ್ದು. ಇಂಥವನ್ನು ಜಾನ್ಸನ್ ಮತ್ತು ಸಹೋದ್ಯೋಗಿಗಳು ಬಾಂಧವ್ಯದ ಗಾಯ ಎಂದು ಕರೆದು 2001ರಲ್ಲಿ ವಿವರಿಸಿದರು. ಜೀವಕ್ಕೆ ಆಸರೆ ಬೇಕಾದ ಗಳಿಗೆಯಲ್ಲಿ ಆಸರೆ ಸಿಗಲಿಲ್ಲವೆಂಬುದು ಅದರ ತಿರುಳು. ಹದಿನೈದು ವರುಷದ ಹಿಂದಿನ ಮಾತು ಈಗೇಕೆ, ಮರೆತುಬಿಡು ಎಂದು ಹೇಳುವವರೇ ಎಲ್ಲ ಕಡೆಗೂ. ಗಂಡನಂತೂ ಆ ದಿನ ಪೇಟೆಯಲ್ಲಿ ತನಗಿದ್ದ ತೊಂದರೆಯನ್ನು ತಾರೀಖು ಸಮೇತ ವಿವರಿಸಲು ಹೊರಡುತ್ತಾನೆ. ಅವಳಿಗೆ ಬೇಕಾದುದು ಆ ವಿವರಣೆಯಲ್ಲ. ಅಂದು ತಾನು ಎಷ್ಟು ಒಂಟಿಯಾಗಿದ್ದೆನೆಂಬುದು ಅವನ ಮನಸ್ಸಿಗೆ ತಟ್ಟಬೇಕು; ತಟ್ಟಿದ್ದು ಅವನ ಮುಖದಲ್ಲಿ ಅವಳಿಗೆ ಕಾಣಬೇಕು. ಕ್ಷಮೆ ಎಂಬುದು ಅದರ ತರುವಾಯ ಬರುವಂಥದು. ಹಿರಿಯರ ಅಪ್ಪಣೆಯಂತೆ ಕಾಲು ಮುಟ್ಟಿಸಿ, ತಪ್ಪಾಯಿತೆನಿಸಿ ಕಳಿಸಿದ ಕ್ಷಮೆಗಳು ಮನೆಯ ಹೊಸ್ತಿಲು ದಾಟುವುದರೊಳಗೆ ಆರಿಹೋಗುವುದು ಇದರಿಂದಲೇ.

ಫಲದ ಮಾತು. ಸಾಮಾನ್ಯವಾಗಿ 8ರಿಂದ 20 ಬೈಠಕ್ಕುಗಳಲ್ಲಿ ಈ ಚಿಕಿತ್ಸೆ ನಡೆಯುತ್ತದೆ. ಹಳೆಯ ಗಾಯಗಳಿದ್ದಲ್ಲಿ ಹೆಚ್ಚು ಬೇಕಾದೀತು. 1999ರಲ್ಲಿ ಅಂದಿನವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರರಲ್ಲಿ 70ರಿಂದ 73 ದಂಪತಿಗಳು ಸಂಕಟದಿಂದ ಪಾರಾದುದು ಕಂಡುಬಂದಿತು. ಇದು ದೊಡ್ಡ ಅಂಕಿ. ಆದರೆ ಆ ಅಧ್ಯಯನಗಳು ಕೆಲವೇ ಕೆಲವು, ಅವುಗಳಲ್ಲಿದ್ದ ದಂಪತಿಗಳ ಸಂಖ್ಯೆಯೂ ಚಿಕ್ಕದು, ನಡೆಸಿದವರಲ್ಲಿ ಈ ಪದ್ಧತಿಯ ಪ್ರವರ್ತಕರೇ ಇದ್ದರು ಎಂಬುದನ್ನೂ ವಾಚಕರು ತೂಗಿ ನೋಡಬೇಕು. ನೂರರಲ್ಲಿ ಉಳಿದ 27-30 ದಂಪತಿಗಳನ್ನು ಮರೆಯುವಂತಿಲ್ಲ. 2013ರಲ್ಲಿ ಜಾನ್ಸನ್ ಅವರೂ ಜೇಮ್ಸ್ ಕೋನ್ ಎಂಬ ವಿಜ್ಞಾನಿಯೂ ಸಹೋದ್ಯೋಗಿಗಳೊಡನೆ ಒಂದು ಸ್ವಾರಸ್ಯಕರ ಪ್ರಯೋಗವನ್ನು ಪ್ರಕಟಿಸಿದರು. ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಯಂತ್ರದಲ್ಲಿ ಹೆಂಡತಿಯನ್ನು ಮಲಗಿಸಿ, ಕಾಲಿಗೆ ಸಣ್ಣ ವಿದ್ಯುತ್ ಆಘಾತ ತಟ್ಟಬಹುದೆಂಬ ಸೂಚನೆ ಕೊಡುತ್ತಾರೆ. ಚಿಕಿತ್ಸೆಗೆ ಮೊದಲು ಗಂಡನ ಕೈ ಹಿಡಿದುಕೊಂಡಿದ್ದರೂ ಮಿದುಳಿನ ಭಯದ ಗುರುತುಗಳು ಇಳಿಯಲಿಲ್ಲ. ಚಿಕಿತ್ಸೆಯ ನಂತರ ಅದೇ ಕೈ ಹಿಡಿದಾಗ ಇಳಿದವು. ಕೈ ಹಿಡಿದವನು ಎಂಬ ಮಾತಿಗೆ ಇಷ್ಟು ಅರ್ಥವಿದೆಯೆಂದು ಯಂತ್ರದಿಂದ ತಿಳಿಯಬೇಕಾಯಿತೇ ಎಂದು ನಮ್ಮ ಓದುಗರಲ್ಲಿ ಹಿರಿಯ ತಾಯಂದಿರು ನಕ್ಕಾರು. ನಗಲಿ, ಯಂತ್ರವೂ ಅವರ ಮಾತನ್ನೇ ಹೇಳಿತು.

ಇನ್ನು ನಾವು ಖಂಡಿತವಾಗಿ ಹೇಳಬೇಕಾದ ಒಂದು ಮಾತುಂಟು. ಹೊಡೆತ-ಬಡಿತ ನಡೆದಿರುವ ಮನೆಗೆ ಈ ಚಿಕಿತ್ಸೆ ಸಲ್ಲದು. ಇದನ್ನು ಈ ಪದ್ಧತಿಯವರೇ ಸ್ಪಷ್ಟವಾಗಿ ನಿಯಮವಾಗಿ ಇಟ್ಟುಕೊಂಡಿದ್ದಾರೆ. ಎದೆ ಬಿಚ್ಚಿ ಅಂಜಿಕೆ ಹೇಳಿಕೊಳ್ಳಲು ಎದುರಿನ ವ್ಯಕ್ತಿಯಿಂದ ಅಪಾಯವಿಲ್ಲವೆಂಬ ಖಾತರಿ ಬೇಕು. ಹೊಡೆಯುವವನ ಮುಂದೆ ಹೆಂಡತಿ ತನ್ನ ಒಳಗನ್ನು ತೆರೆದಿಟ್ಟರೆ ಆ ರಾತ್ರಿ ಮನೆಯಲ್ಲಿ ಅದಕ್ಕೆ ಬೆಲೆ ತೆರಬೇಕಾದೀತು. ಅಲ್ಲಿರುವ ಅಂಜಿಕೆಯು ಅಗಲಿಕೆಯದಲ್ಲ, ಎತ್ತಿದ ಕೈಯದು. ಅದಕ್ಕೆ ಬೇಕಾದುದು ರಕ್ಷಣೆ. ಕುಡಿತದ ಚಟಕ್ಕೆ ಚಿಕಿತ್ಸೆ ಪಡೆಯದವರು, ಹೊರಗಿನ ಸಂಬಂಧವನ್ನು ಗುಟ್ಟಾಗಿ ಮುಂದುವರಿಸಿರುವವರು ಮೊದಲು ಅದನ್ನು ನೇರ್ಪಡಿಸಿಕೊಂಡು ಬರಬೇಕು. ಪೆಟ್ಟು ತಿಂದು ತವರಿಗೆ ಬಂದ ಮಗಳನ್ನು ಮಾನಕ್ಕಂಜಿ ಮರಳಿ ಕಳಿಸುವ ತಂದೆ-ತಾಯಿಗಳೂ, ಕಳಿಸಿರೆಂದು ಹೇಳುವ ದೈವದವರೂ ಈ ಲೇಖನದ ಯಾವ ಮಾತನ್ನೂ ತಮ್ಮ ಬೆಂಬಲಕ್ಕೆ ಎತ್ತಿಕೊಳ್ಳಬಾರದು. ಅಂಥ ಹೆಣ್ಣುಮಕ್ಕಳಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಆಸರೆಯಿದೆ. 181 ಸಂಖ್ಯೆಯ ಮಹಿಳಾ ಸಹಾಯವಾಣಿ ಇದೆ.

ಪರದೇಶದ ಈ ವಿದ್ಯೆ ನಮ್ಮ ಮನೆಗಳಿಗೆ ಒಗ್ಗೀತೇ? ವ್ಯಾಂಕೂವರಿನ ದಂಪತಿಗಳೆಂದರೆ ಇಬ್ಬರು. ನಮ್ಮಲ್ಲಿ ದಂಪತಿಗಳೆಂದರೆ ಐವರೋ ಎಂಟು ಜನರೋ! ಅಡುಗೆಮನೆಯಲ್ಲಿ ಅತ್ತೆ, ಪಡಸಾಲೆಯಲ್ಲಿ ಮಾವ, ಮೊಬೈಲಿನಲ್ಲಿ ತವರಿನ ತಾಯಿ. ಹೆಂಡತಿಯ ಪರವಾಗಿ ಒಂದು ಮಾತಾಡಿದರೆ ತಾಯಿಗೆ ನೋವು. ತಾಯಿಯ ಪರವಾಗಿ ಆಡಿದರೆ ಹೆಂಡತಿಗೆ. ಅನೇಕ ಗಂಡಂದಿರು ಹಿಂದೆ ಸರಿದು ಮೌನದ ಮೂಲೆ ಹಿಡಿಯುವುದು ಈ ಇಕ್ಕಟ್ಟಿನಿಂದಲೇ ಎಂದು ನಾವು ತಿಳಿದಿದ್ದೇವೆ. ಅದರ ಮೇಲೆ, ಗಂಡ-ಹೆಂಡತಿ ಬಾಗಿಲು ಹಾಕಿಕೊಂಡು ಅರ್ಧ ತಾಸು ಮಾತನಾಡಿದರೆ ಹೊರಗೆ ಕೆಮ್ಮುವವರಿದ್ದಾರೆ. ಹಿರಿಯರಲ್ಲಿ ನಮ್ಮ ವಿನಂತಿ, ಆ ಅರ್ಧ ತಾಸನ್ನು ಅವರಿಗೆ ಬಿಟ್ಟುಕೊಡಿರಿ. ಮೊಮ್ಮಕ್ಕಳನ್ನು ಕರೆದುಕೊಂಡು ಗುಡಿಗೋ ಉದ್ಯಾನಕ್ಕೋ ಹೋಗಿ ಬನ್ನಿರಿ. ಅದೂ ಒಂದು ಚಿಕಿತ್ಸೆಯೇ. ಹಿರಿಯರು ನೋಡಿ ಮಾಡಿದ ಮದುವೆಗಳಲ್ಲಿ ಇಂಥ ಭಾವದ ಮಾತಿಗೆ ಎಡೆಯೆಲ್ಲಿ ಎಂದು ಕೇಳುವವರೂ ಇದ್ದಾರೆ. ಈ ಸಂಶಯಕ್ಕೆ ಆಧಾರವಿಲ್ಲ. ನಂಟು ಹುಟ್ಟುವುದು ಮದುವೆ ಹೇಗೆ ಕೂಡಿತೆಂಬುದರಿಂದಲ್ಲ. ಜ್ವರ ಬಂದ ರಾತ್ರಿ ಯಾರು ಎದ್ದು ನೀರು ಕೊಟ್ಟರೆಂಬುದರಿಂದ.

ಜಾನ್ಸನ್ ಅವರು 1998ರಲ್ಲಿ ಒಟ್ಟಾವಾ ನಗರದಲ್ಲಿ ಈ ವಿದ್ಯೆಯ ತರಬೇತಿಗಾಗಿ ಅಂತರರಾಷ್ಟ್ರೀಯ ಕೇಂದ್ರವೊಂದನ್ನು ಸ್ಥಾಪಿಸಿದರು. ಸಾಮಾನ್ಯ ಓದುಗರಿಗಾಗಿ ಬರೆದ ‘ಹೋಲ್ಡ್ ಮಿ ಟೈಟ್’ ಎಂಬ ಪುಸ್ತಕ 2008ರಲ್ಲಿ ಹೊರಬಂದಿತು. ಇಂಗ್ಲಿಷು ಬಲ್ಲ ದಂಪತಿಗಳು ಕೂಡಿ ಓದಬಹುದಾದಂಥದು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ನಮ್ಮ ನಾಡಿನಲ್ಲಿ ಈ ಪದ್ಧತಿಯಲ್ಲೇ ಪಳಗಿದವರು ಎಲ್ಲ ಊರುಗಳಲ್ಲಿ ಸಿಗಲಾರರು. ಆದರೆ ದಂಪತಿಗಳನ್ನು ಜೊತೆಯಾಗಿ ಕೂರಿಸಿ ನೋಡುವ ವಿದ್ಯಾವಂತ ಮನಶ್ಶಾಸ್ತ್ರಜ್ಞರು ಈಗ ದೊಡ್ಡ ಊರುಗಳಲ್ಲಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬಗಳಿಗಾಗಿಯೇ ಪ್ರತ್ಯೇಕ ಮನೋವೈದ್ಯ ಕೇಂದ್ರವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಿ, ಎಲ್ಲಿಗೆ ಹೋಗಬೇಕೆಂಬುದನ್ನು ಕೇಳಿಕೊಳ್ಳಬಹುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯಲ್ಲಿಯೂ ಸಲಹೆಗಾರರಿಗೆ ಸ್ಥಾನವಿದೆ. ಆದರೆ ಅಲ್ಲಿಯವರೆಗೆ ಹೋದವರಲ್ಲಿ ಮುನಿಸು ಎಷ್ಟು ಉಳಿದಿರುತ್ತದೆ, ನಿರ್ಲಿಪ್ತತೆ ಎಷ್ಟು ಬಲಿತಿರುತ್ತದೆ ಎಂಬುದು ಬೇರೆ ಮಾತು. ಮೊದಲ ಭೇಟಿಗೆ ಹೋಗುವಾಗ ಎರಡು ಸಂಗತಿಗಳನ್ನು ಕೇಳಿ ತಿಳಿಯಬೇಕು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸುವರೋ ಎಂಬುದು ಒಂದು. ಆರಂಭದಲ್ಲಿ ಒಮ್ಮೆ ಪ್ರತ್ಯೇಕವಾಗಿಯೂ ಮಾತನಾಡಿಸಿ, ಮನೆಯಲ್ಲಿ ಹೊಡೆತದ ಭಯವೇನಾದರೂ ಇದೆಯೇ ಎಂದು ವಿಚಾರಿಸುವರೋ ಎಂಬುದು ಇನ್ನೊಂದು. ಗಂಡನು ನಾನು ಬರಲಾರೆನೆಂದು ಹಟ ಹಿಡಿದರೆ ಹೆಂಡತಿ ಒಬ್ಬಳೇ ಹೋಗಿ ಬರಬಹುದು; ಹೆಂಡತಿ ಒಲ್ಲೆನೆಂದರೆ ಗಂಡನೂ ಹಾಗೆಯೇ. ಹೋಗಿ ಬಂದವರು ಆ ಸಂಜೆ ಅಲ್ಲಿ ಏನು ನಡೆಯಿತೆಂದು ಅತ್ತೆ-ಮಾವಂದಿರಿಗೆ ವರದಿ ಒಪ್ಪಿಸಬೇಕಾದ ಅಗತ್ಯವಿಲ್ಲ, ಅತ್ತೆ-ಮಾವಂದಿರೂ ಕೇಳಬಾರದು.